ಕಾಲ ಕೆಳಗಿನ ಹೆಸರುಗಳು

ದುಡ್ಡು ಕೇಳುವ ಕೆಲಸ ನನ್ನ ಪಾಲಿಗೆ ಬಂದದ್ದು ನಾನು ಚೆನ್ನಾಗಿ ಮಾತಾಡುತ್ತೇನೆ ಎಂಬ ಒಂದೇ ಕಾರಣಕ್ಕೆ. ಹೊಸಪೇಟೆಯ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿಕೊಂಡಿದ್ದ ನನ್ನನ್ನು ಪ್ರಿನ್ಸಿಪಾಲರು ಕರೆದು, "ನೀವು ಬಾಯಿಬಿಟ್ಟು ಕೇಳಿದ್ರ ಇಲ್ಲ ಅನ್ನೋರು ಯಾರದಾರ್ರಿ ಮೇಡಂ?" ಎಂದರು. ಹೊಗಳಿಕೆಗೆ ನಾನು ಬೇಗ ಕರಗುತ್ತೇನೆ. ಒಪ್ಪಿಕೊಂಡೆ. ಆ ಮಾತು ನೆನಪಾದರೆ ಈಗ ಮುಖ ಬಿಸಿಯಾಗುತ್ತದೆ.

ಕಾಲೇಜಿನ ಹಳೆಯ ಕಟ್ಟಡ ಬ್ರಿಟಿಷರ ಕಾಲದ್ದು. ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಯಾರೋ ಕಲೆಕ್ಟರ್ ಬಂದು ಅಡಿಗಲ್ಲು ಹಾಕಿದ್ದಂತೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದನ್ನು ಸೈನ್ಯಕ್ಕೆ ಬಿಟ್ಟುಕೊಡಬೇಕಾಯಿತು. ಯುದ್ಧ ಮುಗಿದು ಸಿಪಾಯಿಗಳು ಖಾಲಿ ಮಾಡಿದಾಗ ಬಾಗಿಲು ಕಿಟಕಿಗಳೆಲ್ಲ ಒಲೆಗೆ ಹೋಗಿದ್ದವು, ತಾರಸಿ ಎರಡು ಕಡೆ ಕುಸಿದಿತ್ತು. ಸರ್ಕಾರವೇ ಗಂಟುಮೂಟೆ ಕಟ್ಟುತ್ತಿದ್ದ ಕಾಲ, ರಿಪೇರಿಗೆ ಯಾರು ಕೊಡುತ್ತಾರೆ? ಊರವರೇ ಕೂಡಿ ಮತ್ತೆ ಕಟ್ಟಿದರು. ಹಣ ಇದ್ದವರು ಹಣ, ಭತ್ತ ಇದ್ದವರು ಭತ್ತ, ಬಂಡಿ ಇದ್ದವರು ಬಂಡಿ ಕೊಟ್ಟರು. ಹಾಗೆ ಕೊಟ್ಟವರ ಹೆಸರುಗಳು ಮುಂದಿನ ಪಡಸಾಲೆಯ ನೆಲದ ಚಪ್ಪಡಿಗಳಲ್ಲಿ ಇವೆ. ಒಂದು ಕಲ್ಲಿಗೆ ಒಂದು ಹೆಸರು, ಅದರ ಕೆಳಗೆ ಊರು. ಯಾರು ಎಷ್ಟು ಕೊಟ್ಟರೆಂದು ಯಾವ ಕಲ್ಲಿನಲ್ಲೂ ಇಲ್ಲ. ನಾವೆಲ್ಲ ಅವುಗಳ ಮೇಲೆಯೇ ಓಡಾಡಿಕೊಂಡಿದ್ದೆವು, ಓದುವ ಗೋಜಿಗೆ ಹೋಗಿರಲಿಲ್ಲ.

ಈಗ ಅದೇ ಕಟ್ಟಡ ಮತ್ತೆ ಕುಸಿಯುವ ಸ್ಥಿತಿಗೆ ಬಂದಿತ್ತು. ನೋಡಲು ಬಂದ ಎಂಜಿನಿಯರ್ ಏಣಿ ಹತ್ತಿ ತಾರಸಿಯ ತೊಲೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟರು. ಗಟ್ಟಿ ತೊಲೆ ಟಣ್ ಎನ್ನುತ್ತದೆ, ಹುಳ ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಒಂದು ಕಡೆ ಅವರು ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಒಳಗೆ ಹೋಯಿತು. ತೇಗದ ತೊಲೆ, ಮೇಲೆ ನಿಲ್ಲಿಸಿಟ್ಟ ಇಟ್ಟಿಗೆ, ಸುಣ್ಣದ ಗಾರೆ, ಇದು ಹಳೆಯ ಪದ್ಧತಿ. ಸಿಮೆಂಟ್ ಬಳಿದರೆ ಇನ್ನೂ ಕೆಡುತ್ತದೆ ಎಂದರು. ಪಡಸಾಲೆಯ ಕೆಳಗೆ ನೀರು ಇಳಿದು ಅಡಿಪಾಯ ತೇವವಾಗಿತ್ತು. ಅದಕ್ಕಾಗಿ ಹೆಸರಿನ ಚಪ್ಪಡಿಗಳನ್ನೆಲ್ಲ ಎಬ್ಬಿಸಿ, ಕೆಳಗೆ ಜಲ್ಲಿ ಸುಣ್ಣ ಹಾಕಿ ಗಟ್ಟಿ ಮಾಡಿ, ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕಿತ್ತು. ಖರ್ಚಿನ ಅಂದಾಜು ನೋಡಿ ಪ್ರಿನ್ಸಿಪಾಲರು ನೀರು ತರಿಸಿ ಕುಡಿದರು.

ಮೊದಲು ಸಂಡೂರಿಗೆ ಹೋದೆ. ಅಲ್ಲಿನ ಒಬ್ಬ ಗಣಿ ಮಾಲೀಕರು ನಮ್ಮ ಕಾಲೇಜಿನಲ್ಲೇ ಓದಿದವರು. ಅವರು ಅಂದಾಜು ಪಟ್ಟಿಯನ್ನು ಕೊನೆಯ ಪುಟದಿಂದ ಓದಿದರು, ಕೆಂಪು ಧೂಳು ಹಿಡಿದ ಕನ್ನಡಕ ಒರೆಸಿಕೊಂಡರು.

"ಊರೋರು ಎಷ್ಟು ಕೂಡಸ್ತೀರೋ, ಅಷ್ಟ ನಾನೂ ಹಾಕ್ತೀನ್ರಿ. ಮಾರ್ಚ್ ಒಳಗ ತೋರಸ್ರಿ. ಊರಿಗೇ ಬ್ಯಾಡಾದ ಕಟ್ಟಡ ನಾನೊಬ್ಬ ಉಳಿಸಿದ್ರ ಏನ್ ಬಂತು?"

ತಪ್ಪಿಲ್ಲದ ಮಾತು. ಖುಷಿಯಿಂದಲೇ ಬಂದೆ. ಆಮೇಲೆ ಊರು ಸುತ್ತತೊಡಗಿದಾಗ ಅದರ ಕಷ್ಟ ಗೊತ್ತಾಯಿತು. ಹಳೆ ವಿದ್ಯಾರ್ಥಿಗಳ ಸಭೆ ಕರೆದೆವು, ಉಪ್ಪಿಟ್ಟು ಖಾಲಿಯಾಯಿತು. ಬಣ್ಣದ ಕರಪತ್ರ ಹಂಚಿದೆವು, ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು. ಅಂಗಡಿಗಳಲ್ಲಿ ಕುರ್ಚಿ ಕೊಡುತ್ತಿದ್ದರು, ಚಹಾ ತರಿಸುತ್ತಿದ್ದರು, "ಭಾಳ ಒಳ್ಳೆ ಕೆಲಸ ಬಿಡ್ರಿ" ಎನ್ನುತ್ತಿದ್ದರು. ಕೈ ಮಾತ್ರ ಗಲ್ಲಾಪೆಟ್ಟಿಗೆಯ ಕಡೆ ಹೋಗುತ್ತಿರಲಿಲ್ಲ. ಹಂಪಿಯ ಅರ್ಚಕರ ಮನೆಯಲ್ಲಿ ಹುಟ್ಟಿದವಳು ನಾನು. ನಮ್ಮ ಮನೆಗೆ ಜನ ತಾವಾಗಿ ತಂದು ಕೊಡುತ್ತಿದ್ದರು, ಕೇಳಿ ಅಭ್ಯಾಸವಿಲ್ಲ. ಒಬ್ಬ ಬಟ್ಟೆ ಅಂಗಡಿಯವನು ನನ್ನನ್ನು ದೂರದಿಂದ ನೋಡಿ ಒಳಗೆ ಹೋಗಿ ಕೂತದ್ದನ್ನು ಕಂಡಾಗ ರಸ್ತೆಯಲ್ಲೇ ಕಣ್ಣು ತುಂಬಿತು. ಸಿಟ್ಟೂ ಬಂತು.

ಆ ಸಿಟ್ಟಿನಲ್ಲೇ ನನಗೆ ಉಪಾಯ ಹೊಳೆದದ್ದು.

ಚಪ್ಪಡಿ ಎಬ್ಬಿಸುವ ಮೊದಲು ಪ್ರತಿ ಕಲ್ಲಿಗೂ ಬಣ್ಣದಲ್ಲಿ ಗುರುತು ಹಾಕಿ ಫೋಟೊ ತೆಗೆಯಬೇಕೆಂದು ಎಂಜಿನಿಯರ್ ಹೇಳಿದ್ದರು. ನಾನು ತೆಗೆಯುತ್ತಿದ್ದಾಗ ಮಳೆ ನಿಂತಿತ್ತಷ್ಟೆ. ಹುಡುಗಿಯೊಬ್ಬಳು ಕೆಸರಿನ ಚಪ್ಪಲಿಯಲ್ಲಿ ಒಂದು ಹೆಸರಿನ ಮೇಲೆ ಕಾಲಿಟ್ಟು ಹೋದಳು. ಪಕ್ಕದಲ್ಲಿದ್ದ ಕಾಲೇಜು ಸಮಿತಿಯ ವಕೀಲರು, "ಕೊಟ್ಟೋರ ಹೆಸರನ್ನ ಹಿಂಗ ತುಳೀತಾರಲ್ರಿ, ಪಾಪ" ಎಂದರು. ನಾನು ಆ ಹುಡುಗಿಯನ್ನು ವಾಪಸು ಕರೆದೆ. ಇನ್ನೊಮ್ಮೆ ಕಾಲಿಡಲು ಹೇಳಿ, ಹೆಸರು ಅರ್ಧ ಕಾಣುವ ಹಾಗೆ ಫೋಟೊ ತೆಗೆದೆ.

ಯೋಜನೆ ಹೀಗಿತ್ತು. ಕಲ್ಲುಗಳಲ್ಲಿರುವ ಹೆಸರಿನವರ ಮೊಮ್ಮಕ್ಕಳನ್ನು ಹುಡುಕುವುದು. ಅವರು ಒಂದು ಮೊತ್ತ ಕೊಟ್ಟರೆ ಅವರ ಹಿರಿಯರ ಕಲ್ಲನ್ನು ನೆಲದಿಂದ ತೆಗೆದು, ತೊಳೆದು, ಒಳಗಿನ ಸಭಾಂಗಣದ ಗೋಡೆಯಲ್ಲಿ ಕಣ್ಣೆತ್ತರಕ್ಕೆ ಕೂರಿಸುವುದು. ಕೊಡದವರ ಕಲ್ಲು ಮತ್ತೆ ಪಡಸಾಲೆಯ ನೆಲಕ್ಕೆ. ಸಮಿತಿಯಲ್ಲಿ ಇದನ್ನು ಹೇಳಿದಾಗ ವಕೀಲರು ಚಪ್ಪಾಳೆ ತಟ್ಟಿದರು. ನಾನು ಬೀಗಿದೆ.

ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎನ್ನುತ್ತೀರಿ! ನಾನು ಮನೆಗೆ ಹೋಗಿ ಕೂತು, ಕಟ್ಟಡದ ಮಾತನ್ನೇ ಎತ್ತದೆ, ಫೋನಿನಲ್ಲಿದ್ದ ಆ ಫೋಟೊ ತೋರಿಸುತ್ತಿದ್ದೆ. "ನಿಮ್ಮ ಅಜ್ಜನವರ ಹೆಸರೂ ಹಿಂಗ ಐತ್ರಿ ಅಲ್ಲಿ" ಎನ್ನುತ್ತಿದ್ದೆ. ಮನೆಯವರ ಮುಖ ಸಣ್ಣಗಾಗುತ್ತಿತ್ತು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಫೋನನ್ನು ಕೈಯಲ್ಲಿ ಹಿಡಿದು ಆ ಕೆಸರನ್ನು ಬೆರಳಿನಿಂದ ಒರೆಸಲು ನೋಡಿದರು. ನಾಚಿಕೆಯಾದವರು ಚೌಕಾಸಿ ಮಾಡುವುದಿಲ್ಲ ಎಂಬುದನ್ನು ಯಾವ ಅರ್ಥಶಾಸ್ತ್ರವೂ ನನಗೆ ಕಲಿಸಿರಲಿಲ್ಲ, ನಾನೇ ಕಂಡುಕೊಂಡೆ.

ಚಿತ್ತವಾಡ್ಗಿಯಲ್ಲಿ ಒಂದು ಮನೆಗೆ ಹೋದದ್ದು ಹೀಗೆಯೇ. ಆಟೊ ಓಡಿಸುವವನ ಮನೆ. ಆತನ ಅಜ್ಜ ತನ್ನ ಎತ್ತಿನ ಬಂಡಿಯಲ್ಲಿ ಕಟ್ಟಡದ ಸುಣ್ಣ, ಕಲ್ಲು ಹೊತ್ತು ತಂದು ಹಾಕಿ, ಕೂಲಿ ತೆಗೆದುಕೊಂಡಿರಲಿಲ್ಲವಂತೆ. ಆ ಅಜ್ಜನ ಹೆಸರೂ ಕಂಪ್ಲಿಯ ಗಿರಣಿ ಸಾಹುಕಾರರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿತ್ತು.

"ತುಳೀತಾರ ಅಂತ ನಮಗ ಗೊತ್ತ ಇರ್ಲಿಲ್ರಿ ಮೇಡಂ," ಎಂದ ಆತ. "ನಾನು ಒಳಗ ಬಂದೇ ಇಲ್ಲ. ಹುಡುಗ್ರನ್ನ ಗೇಟಿಗೆ ಬಿಟ್ಟು ಹೋಗೋದು, ಅಷ್ಟ."

ಮೊತ್ತ ಹೇಳಿದೆ. ತಲೆ ಕೆರೆದುಕೊಂಡ. ಒಂದು ವಾರ ಬಿಟ್ಟು ತಾನೇ ಕಾಲೇಜಿಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ.

"ಅಷ್ಟು ಆಗಂಗಿಲ್ರಿ. ಆ ಕಲ್ಲು ನಮಗ ಕೊಟ್ಟುಬಿಡ್ರಿ. ಆಟೋದಾಗ ಹಾಕ್ಕೊಂಡು ಮನಿಗೆ ಒಯ್ತೀನಿ."

"ಅದು ಕಾಲೇಜಿನ ಆಸ್ತಿ, ಹಂಗ ಕೊಡಾಕ ಬರಂಗಿಲ್ಲ" ಎಂದೆ. ಮುಂದೆ ತರಗತಿ ಇತ್ತು, ಅವಸರವಿತ್ತು. ಕೂರಿ ಎಂದು ಕೂಡ ಹೇಳಲಿಲ್ಲ.

ಅದಾದ ಮೇಲೆ ಕಂಪ್ಲಿಗೆ ಹೋದೆ. ಅಲ್ಲಿನ ಹಳೆಯ ಅಕ್ಕಿ ಗಿರಣಿಯ ಯಜಮಾನಿ, ವಯಸ್ಸಾದ ಶರಣೆಯಂಥ ತಾಯಿ, ಹಣೆ ತುಂಬ ವಿಭೂತಿ. ಅವರ ಮಾವನವರು ಆ ಕಾಲಕ್ಕೆ ಎಲ್ಲರಿಗಿಂತ ಹೆಚ್ಚು ಭತ್ತ ಕೊಟ್ಟವರೆಂದು ಕೇಳಿದ್ದೆ. ಅವರ ಕಲ್ಲಿನ ಮೇಲೂ ಒಂದು ಕಾಲು ಇರುವ ಫೋಟೊ ಸಿದ್ಧವಿತ್ತು. ತೋರಿಸಿದೆ. ಆಕೆ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮುಖ ಅರಳಿತು.

"ಇನ್ನೂ ತುಳೀತಾರಲ್ಲವ್ವ! ಸಾಕು ಬಿಡು."

ನನಗೆ ಅರ್ಥವಾಗಲಿಲ್ಲ. ಎಂದಿನ ಮಾತು ಶುರು ಮಾಡಿದೆ: ಅವಮಾನ, ಗೋಡೆ, ಗೌರವ.

"ಅಯ್ಯ, ಎಬ್ಬಿಸಬ್ಯಾಡ್ರಿ," ಎಂದು ನಡುವೆಯೇ ತಡೆದರು. "ನಮ್ಮ ಮಾವನೋರು ಕೇಳಿ ಹಾಕಿಸ್ಕೊಂಡಿದ್ದದು. ಎಲ್ಲಾರೂ ಕೂಡಿ ಹಂಗ ಮಾತಾಡಿದ್ರಂತ. ಗೋಡಿ ಮ್ಯಾಲ ಬ್ಯಾಡ, ಓದೋ ಮಕ್ಕಳ ಪಾದದ ಧೂಳಿ ನಮ್ಮ ಹೆಸರಿನ ಮ್ಯಾಲ ಬೀಳ್ಲಿ ಅಂತ. ಗುಡಿಯಾಗ ಹಾಕಿಸ್ತಾರಲ್ಲ, ಹಂಗ. ತಾರಸಿಗೆ ಬೇಕಾದ್ರ ಕೇಳ್ರಿ, ಕೊಡೂಣು. ಕಲ್ಲು ಮಾತ್ರ ಇದ್ದಲ್ಲೇ ಇರ್ಲಿ."

ಮಿರ್ಚಿ, ಮಂಡಕ್ಕಿ ಕೊಟ್ಟರು. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ನಾಟಿ ಮಾಡಿದ ಗದ್ದೆಗಳು ಹಿಂದೆ ಹೋಗುತ್ತಿದ್ದವು. ಗುಡಿಯಾಗ ಹಾಕಿಸ್ತಾರಲ್ಲ, ಹಂಗ. ಇದನ್ನು ಕಂಪ್ಲಿಯ ತಾಯಿ ನನಗೆ ಹೇಳಬೇಕಿತ್ತೇ? ಹಂಪಿಯಲ್ಲಿ ನಮ್ಮ ಓಣಿಯ ಗುಡಿಯ ನೆಲದಲ್ಲಿ ಅಡ್ಡಬಿದ್ದ ಮನುಷ್ಯರ ಗೆರೆಚಿತ್ರಗಳಿವೆ, ಪಕ್ಕದಲ್ಲಿ ಹೆಸರುಗಳಿವೆ. ಚಿಕ್ಕವಳಿದ್ದಾಗ ನಾನು ಅವನ್ನು ಹಾರಿ ದಾಟುತ್ತಿದ್ದೆ. ನಮ್ಮ ತಾತ ಕೈಹಿಡಿದು ನಿಲ್ಲಿಸಿ, "ದಾಟಬಾರದಮ್ಮ. ಅವರ ಮೇಲೆ ಕಾಲಿಟ್ಟೇ ಹೋಗು. ಬಂದವರ ಪಾದಧೂಳಿ ಬೇಕು ಅಂತಲೇ ಅವರು ಅಲ್ಲಿ ಮಲಗಿರೋದು" ಎಂದಿದ್ದರು. ಅಷ್ಟು ಚೆನ್ನಾಗಿ ಗೊತ್ತಿದ್ದ ಸಂಗತಿ ಕಾಲೇಜಿನ ಪಡಸಾಲೆಯಲ್ಲಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅಲ್ಲಿ ದೇವರಿರಲಿಲ್ಲ, ನಾವು ಮೇಷ್ಟ್ರುಗಳು ಮತ್ತು ಮಕ್ಕಳು ಮಾತ್ರ ಇದ್ದೆವು. ನಮ್ಮ ಕಾಲಿನ ಧೂಳನ್ನು ಯಾರಾದರೂ ಬಯಸಿಯಾರು ಎಂದು ನನಗೆ ಅನಿಸಿರಲಿಲ್ಲ.

ಮರುದಿನ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿದರು.

"ಮಾರ್ಚ್ ಮುಗೀಲಿ ಮೇಡಂ. ಸಂಡೂರೋರ ದುಡ್ಡು ಬರ್ಲಿ. ಆಮ್ಯಾಲ ಹೇಳೂಣು. ಈಗ ಹೇಳಿದ್ರ ಕೊಟ್ಟೋರು ವಾಪಸ್ ಕೇಳ್ತಾರ, ಕಟ್ಟಡ ಬೀಳ್ತೈತಿ."

ಅವರ ಮೇಲೆ ಹಾಕಿ ನಾನು ಪಾರಾಗುವ ಹಾಗಿಲ್ಲ. ಸುಮ್ಮನಿರಲು ಒಬ್ಬರು ಹೇಳಲಿ ಎಂದೇ ನಾನು ಅವರ ಹತ್ತಿರ ಹೋಗಿದ್ದೆ. ಆಮೇಲೂ ಮನೆಗಳಿಗೆ ಹೋದೆ. ಫೋಟೊ ತೋರಿಸಿದೆ. "ಅವಮಾನ" ಎಂಬ ಪದವನ್ನು ಮಾತ್ರ ಬಿಟ್ಟೆ. ಅಷ್ಟರಿಂದ ನಾನು ಸುಳ್ಳು ಹೇಳಿದಂತಾಗುವುದಿಲ್ಲ ಎಂದು ನನಗೆ ನಾನೇ ವಾದ ಹೂಡಿದೆ. ಫೋಟೊ ಇದ್ದ ಮೇಲೆ ಪದ ಯಾಕೆ ಬೇಕು? ಜನ ಮೊದಲಿನಷ್ಟೇ ಕೊಟ್ಟರು.

ಅಷ್ಟರಲ್ಲಿ ಪಡಸಾಲೆ ಕೆಲಸ ಶುರುವಾಗಿತ್ತು. ಗೌಂಡಿಗಳು ಸಂದಿಯ ಗಾರೆಯನ್ನು ಉಳಿಯಿಂದ ಬಿಡಿಸಿ, ಹಾರೆ ಕೊಟ್ಟು, ಕೆಳಗೆ ಬಿದಿರಿನ ತುಂಡುಗಳನ್ನು ತೂರಿಸಿ ಚಪ್ಪಡಿಗಳನ್ನು ಉರುಳಿಸಿಕೊಂಡು ಹೋಗಿ ಬೇವಿನ ಮರದ ಕೆಳಗೆ ಮರಳಿನ ಮೇಲೆ ಸಾಲಾಗಿ ಇಟ್ಟರು. ಒಂದೂ ಒಡೆಯಲಿಲ್ಲ. ಗೋಡೆಗೆ ಹೋಗುವ ಕಲ್ಲುಗಳು ಒಂದು ಸಾಲು, ನೆಲಕ್ಕೆ ಹೋಗುವವು ಇನ್ನೊಂದು ಸಾಲು. ಈ ವಿಂಗಡಣೆ ಮಾಡಿದವಳೂ ನಾನೇ. ಸೀಮೆಸುಣ್ಣದಿಂದ ಗೋಡೆಯವಕ್ಕೆ ಸುತ್ತು ಹಾಕಿದೆ, ನೆಲದವಕ್ಕೆ ಗೀಟು ಎಳೆದೆ.

ಒಂದು ಭಾನುವಾರ ಮಧ್ಯಾಹ್ನ ವಾಚ್‌ಮನ್ ಫೋನ್ ಮಾಡಿದ. ಹೋಗಿ ನೋಡಿದರೆ ಗೀಟಿನ ಸಾಲಿನ ಒಂದು ಕಲ್ಲಿನ ಮೇಲೆ ಅಕ್ಷರಗಳಿರಲಿಲ್ಲ. ಹೆಸರಿದ್ದ ಜಾಗದಲ್ಲಿ ಬಿಳಿ ಉಳಿ ಗುರುತುಗಳು, ಸುತ್ತ ಕಲ್ಲಿನ ಪುಡಿ. ಊರಿನ ಹೆಸರು ಮಾತ್ರ ಹಾಗೇ ಇತ್ತು: ಚಿತ್ತವಾಡ್ಗಿ.

"ಒಬ್ಬಾಂವ ಆಟೊ ತಂದಿದ್ದನ್ರಿ. ಮೇಡಮ್ಮೋರು ಹೇಳ್ಯಾರ, ನಮ್ಮ ಕಲ್ಲಿನ ಕೆಲಸ ಐತಿ ಅಂದ," ಎಂದ ವಾಚ್‌ಮನ್. "ಕಲ್ಲಿಗೆ ಕೈಮುಗದು ಶುರು ಮಾಡಿದನ್ರಿ. ನಾನೂ ರಿಪೇರಿ ಅನಕೊಂಡೆ."

ಸೋಮವಾರ ಸಮಿತಿ ಸೇರಿತು. ಪೊಲೀಸರಿಗೆ ದೂರು ಕೊಡಬೇಕು, ಪರಂಪರೆಯ ಕಲ್ಲು ಹಾಳು ಮಾಡಿದ್ದಾನೆ ಎಂದು ಪ್ರಿನ್ಸಿಪಾಲರು ಪತ್ರ ಬರೆಸಿಟ್ಟಿದ್ದರು. ಸಹಿಗೆ ನನ್ನ ಮುಂದೆಯೂ ಬಂತು. ನನಗೆ ಧೈರ್ಯ ಬಂದು ಎದ್ದು ನಿಂತೆ ಎಂದು ಬರೆಯಲು ಆಸೆ ಇದೆ. ನಿಜದಲ್ಲಿ ಕೂತಲ್ಲೇ, ಮೇಜು ನೋಡುತ್ತಾ, ಕಂಪ್ಲಿಯಲ್ಲಿ ಕೇಳಿದ್ದನ್ನು ಹೇಳಿದೆ. ಆತ ತನ್ನ ಅಜ್ಜನ ಹೆಸರನ್ನು ಅವಮಾನದಿಂದ ಉಳಿಸಿಕೊಳ್ಳಲು ಅದನ್ನು ಅಳಿಸಿದ್ದಾನೆ, ಅದು ಅವಮಾನ ಎಂದು ಅವನಿಗೆ ಹೇಳಿಕೊಟ್ಟವಳು ನಾನು ಎಂದೆ. ದೂರು ಕೊಡುವುದಾದರೆ ನನ್ನ ಹೆಸರನ್ನೂ ಸೇರಿಸಬೇಕು, ಕಲ್ಲುಗಳೆಲ್ಲ ನೆಲಕ್ಕೇ ಹೋಗಬೇಕು, ಕೊಟ್ಟವರಿಗೆ ನಿಜ ತಿಳಿಸಿ ಬೇಕೆಂದವರಿಗೆ ಹಣ ವಾಪಸು ಕೊಡಬೇಕು ಎಂದೆ.

ವಕೀಲರು ಪೆನ್ನು ಕೆಳಗಿಟ್ಟರು. "ಕಂಪ್ಲಿಗೆ ನೀವು ಹೋಗಿದ್ದು ಯಾವಾಗ್ರಿ?"

ಹೇಳಿದೆ. ಅದಾದ ಮೇಲೆ ನಾನು ಹೋಗಿದ್ದ ಮನೆಗಳಲ್ಲಿ ಒಂದು ಅವರ ಅಕ್ಕನದು. ವಕೀಲರು ದೂರಿನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡರು.

ಸಮಿತಿ ಒಪ್ಪಿತು. ನಿಜ ಹೇಳಲು ಮನೆಮನೆಗೆ ಮತ್ತೆ ಹೋಗಬೇಕಾಯಿತು. ಕೇಳಲು ಹೋದಾಗಿನ ನಾಚಿಕೆ ಇದರ ಮುಂದೆ ಏನೂ ಅಲ್ಲ. ಕೆಲವರು ನಕ್ಕರು, ಕೆಲವರಿಗೆ ಸಮಾಧಾನವಾಯಿತು. ಬ್ಯಾಂಕ್ ಮ್ಯಾನೇಜರು ಹಣ ವಾಪಸು ಬೇಡವೆಂದರು, ಆದರೆ ಕೂರಲು ಹೇಳಲಿಲ್ಲ. "ಅಜ್ಜನ ಹೆಸರಿಗೆ ಹಿಂಗಾತಲ್ಲ ಅಂತ ಎಷ್ಟು ಒದ್ದಾಡೇನಿ, ನಿಮಗೇನ್ ಗೊತ್ತೈತ್ರಿ?" ಎಂದರು. ಕೆಲವರು ಹಣ ವಾಪಸು ಪಡೆದರು, ಅಷ್ಟೇ ಸಂಡೂರಿನದೂ ಕಡಿಮೆಯಾಯಿತು. ಸಂಡೂರಿನವರಿಗೆ ನಾನೇ ಹೋಗಿ ಹೇಳಿದಾಗ ಅವರು, "ನಮ್ಮ ಅಜ್ಜಂದೂ ಕಲ್ಲು ಅಲ್ಲಿ ಇದ್ದಿದ್ರ ನನಗೂ ಹಂಗ ಫೋಟೊ ತೋರಸ್ತಿದ್ರೇನ್ರಿ?" ಎಂದು ಕೇಳಿದರು. ಹೌದು ಎಂದೆ. ಕಟ್ಟಡದ ತೆಂಕಣ ಭಾಗದ ತಾರಸಿ ಇಂದಿಗೂ ತಾಡಪಾಲಿನ ಕೆಳಗಿದೆ. ಆ ಕಡೆ ಹೋಗುವಾಗ ನಾನು ಮೇಲೆ ನೋಡುವುದಿಲ್ಲ.

ಚಿತ್ತವಾಡ್ಗಿಗೆ ಹೋಗುವುದನ್ನು ಮಾತ್ರ ಮುಂದೂಡುತ್ತಲೇ ಬಂದೆ. ಉಳಿದವರಿಗೆಲ್ಲ ಕಲ್ಲು ವಾಪಸು ನೆಲಕ್ಕೆ ಹೋಗುತ್ತದೆ, ಹೆಸರು ಹಾಗೇ ಇದೆ ಎಂದು ಹೇಳಬಹುದಿತ್ತು. ಇವನಿಗೆ ಏನು ಹೇಳುವುದು? ಹೇಳದಿದ್ದರೆ ಆತ ಅಜ್ಜನ ಮಾನ ಉಳಿಸಿದೆನೆಂದು ನೆಮ್ಮದಿಯಾಗಿರುತ್ತಾನೆ, ಆ ನೆಮ್ಮದಿ ಯಾಕೆ ಕೆಡಿಸಲಿ ಎಂದೂ ಯೋಚಿಸಿದೆ. ಅವನ ಹೆಸರಿನಲ್ಲಿ ನನ್ನ ನೆಮ್ಮದಿ ನೋಡಿಕೊಳ್ಳುತ್ತಿದ್ದೇನೆ ಎಂದು ಗೊತ್ತಾದ ದಿನ ಎದ್ದು ಹೋದೆ.

ಆತ ಆಟೊ ತೊಳೆಯುತ್ತಿದ್ದ. ನನ್ನನ್ನು ಕಂಡು ಪೈಪು ಬಿಟ್ಟು ಕೈಕಟ್ಟಿ ನಿಂತ. "ತಪ್ಪಾತ್ರಿ ಮೇಡಂ. ದಂಡ ಹಾಕ್ತೀರೇನು?" ಎಂದ. ಅಲ್ಲ ಎಂದು ಹೇಳಿ, ನಿಂತೇ ಎಲ್ಲವನ್ನೂ ಹೇಳಿದೆ. ನೀರು ಹರಿಯುತ್ತಲೇ ಇತ್ತು.

"ಹಂಗಾರ ಅಜ್ಜ ತುಳೀಲಿ ಅಂತನ ಹಾಕಿಸಿದ್ನೇನ್ರಿ?"

"ಹೌದು."

"ನಾನು ಅಳಿಸಿಬಿಟ್ನೇನು?"

"ಅಳಿಸಿದ್ದು ನಾನು" ಎಂದೆ.

ಆತ ಹೋಗಿ ನಲ್ಲಿ ಬಂದ್ ಮಾಡಿದ. ಹೊಸದಾಗಿ ಕೆತ್ತಿಸಿ ಕೊಡುತ್ತೇನೆ, ಖರ್ಚು ನನ್ನದು ಎಂದೆ. ತಲೆ ಅಲ್ಲಾಡಿಸಿದ.

"ಬ್ಯಾಡ್ರಿ. ಹೆಸರಿಲ್ಲಂದ್ರೂ ಕಲ್ಲು ಅವಂದ ಅಲ್ಲೇನ್ರಿ? ಇದ್ದ ಜಾಗಕ್ಕ ಹಾಕಸ್ರಿ. ಹಾಕಿದ ಮ್ಯಾಲ ನನಗ ಹೇಳ್ರಿ."

ಜಲ್ಲಿ ಸುಣ್ಣ ದಮ್ಮಸು ಮಾಡಿ, ಮಟ್ಟ ನೋಡಿ, ಫೋಟೊದಲ್ಲಿದ್ದ ಗುರುತಿನ ಪ್ರಕಾರ ಚಪ್ಪಡಿಗಳನ್ನು ಕೂರಿಸಿದರು. ಗಾರೆ ಬಿಗಿಯುವ ತನಕ ಹಗ್ಗ ಕಟ್ಟಿ, ಗೋಣಿ ಹಾಸಿ ನೀರುಣಿಸಿದರು. ಹಗ್ಗ ಬಿಚ್ಚುವ ಬೆಳಿಗ್ಗೆ ಆತನಿಗೆ ಫೋನ್ ಮಾಡಿದೆ. ಖಾಕಿ ಅಂಗಿಯಲ್ಲೇ ಬಂದ. ಅದು ಅವನು ಗೇಟು ದಾಟಿ ಪಡಸಾಲೆಗೆ ಬಂದ ಮೊದಲ ಸಲ. ಮಕ್ಕಳು ಇನ್ನೂ ಬಂದಿರಲಿಲ್ಲ. ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಉಳಿ ಗುರುತುಗಳ ಮೇಲೆ ಅಂಗೈ ಆಡಿಸಿದ. ಅಂಥದ್ದೇ ಕಲ್ಲುಗಳ ನಡುವೆ ಅದೊಂದು ಒರಟಾಗಿ ಕಾಣುತ್ತಿತ್ತು.

ಎದ್ದು ಪಕ್ಕಕ್ಕೆ ಸರಿದು, "ಮೊದಲ ನೀವು ಬರ್ರಿ ಮೇಡಂ" ಎಂದ.

ನಾನು ಚಪ್ಪಲಿ ಬಿಟ್ಟೆ.

"ಬಿಡಬ್ಯಾಡ್ರಿ. ಹುಡುಗ್ರು ಬಿಟ್ಟು ಬರ್ತಾರೇನು? ಹಾಕ್ಕೊಂಡ ಬರ್ರಿ."

ಮತ್ತೆ ಮೆಟ್ಟಿಕೊಂಡೆ. ಎಷ್ಟೋ ವರ್ಷ ಅದೇ ಕಲ್ಲನ್ನು ನೋಡದೆ ತುಳಿದು ತರಗತಿಗೆ ಹೋದವಳಿಗೆ ಈಗ ಕಾಲು ಏಳಲಿಲ್ಲ. ಒಂದು ಕಾಲಿನ ಬೆರಳಷ್ಟನ್ನು ಊರಿ ನಿಂತೆ. ಆತ ನನ್ನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದ.

"ಪೂರ್ತಿ ಇಡ್ರಿ," ಎಂದ.

ಇಟ್ಟೆ.